ಆ ಹತ್ತು ಲಕ್ಷ ಪೌಂಡ್ ರೊಕ್ಕ ಯಾರದು? 1948ರ ಒಂದು ಯುದ್ಧಖರ್ಚಿನ ಪ್ರಕರಣ

ಬೀದರಿನಲ್ಲಿ ಇರೋರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ಹುಡುಗರು ಹಾಕ್ ವಿಮಾನಗಳಲ್ಲಿ ತರಬೇತಿ ನಡೆಸುತ್ತಲೇ ಇರುತ್ತಾರೆ. ಪಾಠದ ನಡುವೆ ಒಂದು ವಿಮಾನ ತಲೆ ಮೇಲೆ ಹಾದುಹೋದರೆ ನಾನು ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಮಕ್ಕಳು ಅಷ್ಟರಲ್ಲಿ ಮೊಬೈಲ್ ನೋಡಿಕೊಳ್ಳುತ್ತಾರೆ. ಇದೇ ಬೀದರಿಗೆ 1948ರಲ್ಲಿ ರಾತ್ರಿ ಹೊತ್ತು ಬೇರೆ ವಿಮಾನಗಳು ಬಂದಿಳಿಯುತ್ತಿದ್ದವು. ಕರಾಚಿಯಿಂದ. ಒಳಗೆ ಬಂದೂಕು, ಮದ್ದುಗುಂಡು.

ಪದವಿ ಕೊನೇ ವರ್ಷದವರಿಗೆ ನಾನು ರಾಜ್ಯಶಾಸ್ತ್ರ ಹೇಳುತ್ತೇನೆ. ‘ಸರ್ಕಾರದ ಖರ್ಚಿನ ಮೇಲೆ ಶಾಸಕಾಂಗದ ಹಿಡಿತ’ ಅಂತ ಒಂದು ಅಧ್ಯಾಯ ಇದೆ. ಪುಸ್ತಕದಲ್ಲಿ ಓದಿದರೆ ನಿದ್ದೆ ಬರುತ್ತದೆ. ಅದಕ್ಕೇ ನಾನು ಈ ವಿಮಾನಗಳ ಕಥೆಯಿಂದ ಶುರು ಮಾಡುತ್ತೇನೆ. ಒಂದು ಸಲ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ: “ಸರ, ಆ ಬಂದೂಕಿಗಿ ಕೊಟ್ಟ ರೊಕ್ಕ ಯಾರದ್ರಿ?” ಈ ಇಡೀ ಪ್ರಕರಣ ಅವನ ಆ ಒಂದು ಪ್ರಶ್ನೆಯಲ್ಲೇ ಇದೆ.

ಹಿನ್ನೆಲೆ ನಮ್ಮ ಕಡೆಯವರಿಗೆ ಗೊತ್ತಿರೋದೇ, ಬೇಗ ಹೇಳಿ ಮುಗಿಸುತ್ತೇನೆ. ಬೀದರ್, ಗುಲಬರ್ಗಾ, ರಾಯಚೂರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗಿತ್ತು. 1947ರ ಆಗಸ್ಟ್ 15ಕ್ಕೆ ದೇಶ ಸ್ವತಂತ್ರವಾಯಿತು, ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ನವೆಂಬರ್ 29ಕ್ಕೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಕಾಗದದ ಮೇಲಿನ ಮಸಿ ಆರುವ ಮೊದಲೇ ಜಗಳ ಶುರು. ಹೈದರಾಬಾದ್ ತನ್ನ ಬಳಿ ಇದ್ದ ಭಾರತ ಸರ್ಕಾರದ ಸಾಲಪತ್ರಗಳಲ್ಲಿ 20 ಕೋಟಿ ರೂಪಾಯಿಯಷ್ಟನ್ನು ಪಾಕಿಸ್ತಾನಕ್ಕೆ ಸಾಲ ಕೊಟ್ಟಿತು. ಇದು ಒಪ್ಪಂದ ಮುರಿದಂತೆ ಅಂತ ದಿಲ್ಲಿ ಹೇಳಿತು. ದಿಲ್ಲಿ ನಮಗೆ ಆಯುಧ ಬಾರದಂತೆ, ಸರಕು ಬಾರದಂತೆ ಕಟ್ಟಿಹಾಕಿದೆ ಅಂತ ಹೈದರಾಬಾದ್ ಹೇಳಿತು.

ನಿಜಾಮರ ಸೈನ್ಯಕ್ಕೆ ಆಯುಧದ ಕೊರತೆ ಇದ್ದದ್ದು ನಿಜ. ಸುತ್ತಲೂ ಭಾರತದ ನೆಲ. ಸಮುದ್ರ ಇಲ್ಲ. ಉಳಿದದ್ದು ಆಕಾಶ ಮಾತ್ರ. ಆಗ ಬಂದವನು ಸಿಡ್ನಿ ಕಾಟನ್. ಆಸ್ಟ್ರೇಲಿಯಾದವನು, ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಬ್ರಿಟನ್ನಿಗಾಗಿ ವಿಮಾನದಿಂದ ಗುಟ್ಟಾಗಿ ಫೋಟೋ ತೆಗೆದವನು. ಲ್ಯಾಂಕಾಸ್ಟ್ರಿಯನ್ ಅನ್ನುವ ದೊಡ್ಡ ವಿಮಾನಗಳನ್ನು ಹಿಡಿದು ಕರಾಚಿಯಿಂದ ಹೈದರಾಬಾದಿಗೆ ಆಯುಧ ಸಾಗಿಸಿದ. ಬೀದರ್ ಮತ್ತು ವಾರಂಗಲ್ ಅವನ ಇಳಿದಾಣಗಳು. ಕೊನೆಗೆ ಬ್ರಿಟನ್ನಿನಲ್ಲಿ ಅವನ ಮೇಲೆ ಕೇಸು ಬಿತ್ತು, 200 ಪೌಂಡ್ ದಂಡ ಹಾಕಿದರು. ಅಷ್ಟು ಮಾಡಿದವನಿಗೆ 200 ಪೌಂಡ್! ಕ್ಲಾಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳು ನಗುತ್ತಾರೆ.

ಈಗ ರೊಕ್ಕದ ವಿಷಯಕ್ಕೆ ಬರೋಣ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು. 17ರ ನಸುಕಿನಲ್ಲಿ ಬೀದರ್ ಊರೊಳಗೆ ಕಾಲಿಟ್ಟಿತು. ಅದೇ ದಿನ ನಿಜಾಮರು ಕೈಚೆಲ್ಲಿದರು. ನಾವು ಈಗಲೂ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುತ್ತೇವೆ. ಆದರೆ 20ನೇ ತಾರೀಖಿಗೆ, ಅಂದರೆ ಶರಣಾಗಿ ಮೂರು ದಿನ ಆದ ಮೇಲೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಣ ಹೋಯಿತು. 10,07,940 ಪೌಂಡ್ 9 ಶಿಲಿಂಗ್. ಹೋದದ್ದು ಹೈದರಾಬಾದ್ ಸರ್ಕಾರದ ಖಾತೆಯಿಂದ. ಸೇರಿದ್ದು ಲಂಡನ್ನಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಆಗಿದ್ದ ಹಬೀಬ್ ಇಬ್ರಾಹಿಂ ರಹಿಮ್ತೂಲಾ ಅವರ ಹೆಸರಿಗೆ. ಹಣ ವರ್ಗಾಯಿಸಲು ಹೇಳಿದವರು ನಿಜಾಮರ ಹಣಕಾಸು ಮಂತ್ರಿ ಮೊಯಿನ್ ನವಾಜ್ ಜಂಗ್. ಅವರು ಆಗ ಊರಲ್ಲಿ ಇರಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಹೈದರಾಬಾದಿನ ದೂರು ಹಿಡಿದುಕೊಂಡು ಯುರೋಪಿಗೆ ಹೋಗಿದ್ದರು.

27ಕ್ಕೆ ನಿಜಾಮರಿಂದ ಬ್ಯಾಂಕಿಗೆ ಸಂದೇಶ ಹೋಯಿತು: ನನ್ನ ಒಪ್ಪಿಗೆ ಇಲ್ಲದೆ ಹಣ ಹೋಗಿದೆ, ವಾಪಸ್ ಮಾಡಿ. ಖಾತೆ ಪಾಕಿಸ್ತಾನದವರ ಹೆಸರಲ್ಲಿದೆ, ಅವರು ಹ್ಞೂಂ ಅನ್ನದೆ ಕೊಡೋಕಾಗಲ್ಲ ಅಂತ ಬ್ಯಾಂಕು ಹೇಳಿತು. ಬ್ಯಾಂಕಿನವರು ಎಲ್ಲಾ ಕಾಲದಲ್ಲೂ ಬ್ಯಾಂಕಿನವರೇ, ಅಲ್ವಾ? ಸಹಿ ಇಲ್ಲದೆ ಏನೂ ನಡೆಯದು.

ಹತ್ತು ಲಕ್ಷ ಪೌಂಡ್ ಅಂದರೆ ಎಷ್ಟು ಅನ್ನೋದು ಮಕ್ಕಳಿಗೆ ಗೊತ್ತಾಗಲಿ ಅಂತ ಬೋರ್ಡಿನ ಮೇಲೆ ಲೆಕ್ಕ ಹಾಕಿಸುತ್ತೇನೆ. ಆಗ ಒಂದು ರೂಪಾಯಿಗೆ ಒಂದೂವರೆ ಶಿಲಿಂಗ್. ಪೌಂಡಿಗೆ 20 ಶಿಲಿಂಗ್. ಅಂದರೆ ಪೌಂಡಿಗೆ 13 ರೂಪಾಯಿ ಚಿಲ್ಲರೆ. ಒಟ್ಟು ಸುಮಾರು 1 ಕೋಟಿ 34 ಲಕ್ಷ. ಆದರೆ ಅದು ಕಲದಾರ ರೂಪಾಯಿ, ಅಂದರೆ ಬ್ರಿಟಿಷ್ ಭಾರತದ್ದು. ನಮ್ಮಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ. ಏಳು ಹಾಲಿ ಕೊಟ್ಟರೆ ಆರು ಕಲದಾರ. ಹಾಲಿ ಲೆಕ್ಕದಲ್ಲಿ ಒಂದೂವರೆ ಕೋಟಿ ದಾಟುತ್ತದೆ.

ನಮ್ಮ ಅಜ್ಜಿ ಬಿಟ್ಟುಹೋದ ಒಂದು ಹಾಲಿ ರೂಪಾಯಿ ನನ್ನ ಬಳಿ ಇದೆ. ಆ ದಿನ ಅದನ್ನು ಕ್ಲಾಸಿಗೆ ಒಯ್ಯುತ್ತೇನೆ. ಒಂದು ಕಡೆ ಚಾರ್‌ಮಿನಾರ್. ಅದರ ನಡುವಿನ ಬಾಗಿಲೊಳಗೆ ಪುಟ್ಟದೊಂದು ಅಕ್ಷರ ಇರುತ್ತದೆ, ಉರ್ದುವಿನ ‘ಐನ್’. ಉಸ್ಮಾನ್ ಅನ್ನುವ ಹೆಸರಿನ ಮೊದಲಕ್ಷರ. ನಾಣ್ಯ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ಉರ್ದು ಓದುವ ಹುಡುಗಿಯರು ಐನ್ ಅನ್ನು ತಟ್ಟನೆ ಹುಡುಕಿಬಿಡುತ್ತಾರೆ, ಉಳಿದವರಿಗೆ ಅವರೇ ಬೆರಳಿಟ್ಟು ತೋರಿಸುತ್ತಾರೆ. ರಾಜನ ಹೆಸರೇ ಬಾಗಿಲಲ್ಲಿ ಕೂತಿರುವ ರೊಕ್ಕ. ಅದು ರಾಜನದೋ, ರಾಜ್ಯದ್ದೋ?

ಅಜ್ಜಿ ಹೇಳುತ್ತಿದ್ದಳು, “ಲೆವಿದೋರು ಬರ್ತಾರ ಅಂದ್ರ ಹಗೇವಿನ ಬಾಯಿ ಮ್ಯಾಲ ಸೆಗಣಿ ಸಾರಿಸಿ, ಮ್ಯಾಲ ಕಣಕಿ ಒಟ್ಟತಿದ್ದೆವು” ಅಂತ. ಹಗೇವು ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಲೆವಿ ಅಂದರೆ ಸರ್ಕಾರಕ್ಕೆ ಅಳೆದು ಕೊಡಬೇಕಾದ ಜೋಳ. ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದದ್ದು ಇಂಥ ಮನೆಗಳ ಕಂದಾಯದಿಂದ. ನಿಜಾಮರಿಗೆ ಸರ್ಫ್-ಎ-ಖಾಸ್ ಅಂತ ಸ್ವಂತ ಜಮೀನು, ಸ್ವಂತ ಆದಾಯ ಬೇರೆ ಇತ್ತು. ಸರ್ಕಾರದ್ದು ದಿವಾನಿ ಲೆಕ್ಕ. ಎರಡೂ ಪುಸ್ತಕದಲ್ಲಿ ಬೇರೆ ಬೇರೆ. ಆದರೆ ಎರಡರ ಮೇಲೂ ಕೊನೇ ಸಹಿ ಒಬ್ಬರದೇ.

ಇಲ್ಲಿಗೆ ಬಂದಾಗ ನಾನು ಕೇಳುತ್ತೇನೆ: ಆಯುಧ ಕೊಳ್ಳುವ ಒಪ್ಪಂದ ಆಯಿತು, ವಿಮಾನದ ಬಾಡಿಗೆ ಕೊಟ್ಟರು, ಲಂಡನ್ನಿನಲ್ಲಿ ಖಾತೆ ನಡೆಯಿತು. ಇದನ್ನೆಲ್ಲ ಪ್ರಶ್ನೆ ಮಾಡೋರು ಹೈದರಾಬಾದಿನಲ್ಲಿ ಯಾರಿದ್ದರು?

ಉತ್ತರ: ಹೇಳಿಕೊಳ್ಳೋಕೆ ಒಂದು ಸಭೆ ಇತ್ತು. 1946ರ ಸುಧಾರಣೆಯ ಪ್ರಕಾರ ಜಮೀನುದಾರರು, ವ್ಯಾಪಾರಿಗಳು, ವಕೀಲರು ಅಂತ ಕಸುಬಿನ ಲೆಕ್ಕದಲ್ಲಿ ಸೀಟು ಹಂಚಿದ್ದರು. ಸ್ಟೇಟ್ ಕಾಂಗ್ರೆಸ್ ಅದನ್ನು ಬಹಿಷ್ಕರಿಸಿತು. ಸಭೆ ಏನೇ ಹೇಳಲಿ, ನಡೆಯುವುದು ನಿಜಾಮರ ಫರ್ಮಾನು. ಸಭೆಯ ಹೊರಗೆ ಕೇಳೋಣ ಅಂದರೆ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಾಮಾನಂದ ತೀರ್ಥರು 1948ರಲ್ಲಿ ಜೈಲಿನಲ್ಲಿದ್ದರು. ಪತ್ರಿಕೆಯಲ್ಲಿ ಕೇಳೋಣ ಅಂದರೆ, ‘ಇಮ್ರೋಜ್’ ಸಂಪಾದಕ ಶೋಯಬುಲ್ಲಾ ಖಾನ್ ಭಾರತಕ್ಕೆ ಸೇರಬೇಕು ಅಂತ ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ರಸ್ತೆಯಲ್ಲೇ ಕೊಂದರು.

ನನಗೆ ತಮಾಷೆ ಅನ್ನಿಸುವ ಸಂಗತಿ ಬೇರೊಂದಿದೆ. ಹೈದರಾಬಾದಿನ ಬಗ್ಗೆ ಜೋರು ಚರ್ಚೆ ನಡೆದ ಒಂದು ಸಂಸತ್ತು ಇತ್ತು, ಆದರೆ ಅದು ಲಂಡನ್ನಿನಲ್ಲಿತ್ತು. ಜುಲೈ 1948ರಲ್ಲಿ ಚರ್ಚಿಲ್ ಕಾಮನ್ಸ್ ಸಭೆಯಲ್ಲಿ ನಿಜಾಮರ ಪರ ದನಿ ಎತ್ತಿದರು, ಪ್ರಧಾನಿ ಅಟ್ಲಿ ಉತ್ತರ ಕೊಟ್ಟರು. ಬೀದರಿನ ಒಂದು ವೋಟೂ ಇಲ್ಲದ ಸಭೆ! ಇತ್ತ ಹೈದರಾಬಾದಿನಲ್ಲಿ ಕಂದಾಯ ಕಟ್ಟಿದವನಿಗೆ ಕೇಳೋಕೆ ಜಾಗ ಇರಲಿಲ್ಲ.

ಆಯುಧ ಇಲ್ಲಿ ಏನು ಮಾಡಿತು ಅನ್ನುವುದನ್ನೂ ಬಿಡುವಂತಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು, ಅಂದರೆ ನಿಜಾಮರ ಪರದ ಖಾಸಗಿ ಪಡೆಯವರು, ಊರವರನ್ನು ಕೊಂದರು. ಸೈನ್ಯ ಬಂದ ಮೇಲೆ ಬೀದರ್, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಭಾರೀ ಹಿಂಸೆ ನಡೆಯಿತು. ಅದನ್ನು ನೋಡಿಬರಲು ಕಳಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಕ್ಲಾಸಿನಲ್ಲಿ ಎರಡೂ ಕಡೆಯ ಮನೆಗಳ ಮಕ್ಕಳು ಕೂತಿರುತ್ತಾರೆ. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತೇನೆ. ಮೊದಮೊದಲು ಅಷ್ಟು ಧೈರ್ಯ ಇರಲಿಲ್ಲ.

ಇದೇ ಹೊತ್ತಿಗೆ, ಇದೇ ಲಂಡನ್ನಿನಲ್ಲಿ, ಇನ್ನೊಂದು ಯುದ್ಧದ ಖರೀದಿ ನಡೆಯುತ್ತಿತ್ತು. ಕಾಶ್ಮೀರದಲ್ಲಿ ಕಾಳಗ. ಭಾರತದ ಸೈನ್ಯಕ್ಕೆ ಜೀಪು ತುರ್ತಾಗಿ ಬೇಕಿತ್ತು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದವರು ವಿ.ಕೆ. ಕೃಷ್ಣ ಮೆನನ್. ವಿದೇಶಿ ಕಂಪನಿಯೊಂದರ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಆಯಿತು. ಜಾಸ್ತಿ ಹಣ ಮುಂಗಡವಾಗಿ ಹೋಯಿತು. ಬಂದ ಜೀಪು 155. ನೋಡಿ, ಮೊತ್ತ ನಿಜಾಮರ ಆ ಹಣಕ್ಕಿಂತ ಎಷ್ಟೋ ಕಡಿಮೆ. ಆದರೂ ಜೀಪಿನ ಕಥೆ ದೇಶಕ್ಕೆಲ್ಲ ಗೊತ್ತಾಯಿತು. ಯಾಕೆಂದರೆ ಲೆಕ್ಕ ತಪಾಸಣೆಯವರು ಬರೆದರು, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಹಿಡಿಯಿತು, ಸಂಸತ್ತಿನಲ್ಲಿ ಸದಸ್ಯರು ವರ್ಷಗಟ್ಟಲೆ ಕೇಳಿದರು. ಟೆಂಡರ್ ಯಾಕಿಲ್ಲ? ಮುಂಗಡ ಯಾಕೆ ಕೊಟ್ಟಿರಿ? ಉಳಿದ ಗಾಡಿ ಎಲ್ಲಿ?

ಇಲ್ಲಿ ಕ್ಲಾಸು ಹುಮ್ಮಸ್ಸಿನಿಂದ ಕೇಳುತ್ತದೆ, “ಆಮ್ಯಾಲ ಏನಾಯ್ತ್ರಿ ಸರ?” ಅವರ ಮುಖ ಸಪ್ಪಗಾಗುವಂಥ ಉತ್ತರವನ್ನೇ ಕೊಡಬೇಕು. ಈ ಖರೀದಿಯ ವಿಚಾರಣೆ ಮಾಡಿದ ಅನಂತಶಯನಂ ಅಯ್ಯಂಗಾರರ ಸಮಿತಿ ಸೂಚಿಸಿದ್ದನ್ನು ಪಕ್ಕಕ್ಕಿಟ್ಟು, 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತ್ ಸರ್ಕಾರದ ಮಟ್ಟಿಗೆ ಈ ವಿಷಯ ಮುಗಿಯಿತು ಅಂದರು. ವಿರೋಧ ಪಕ್ಷಕ್ಕೆ ಸಮಾಧಾನ ಇಲ್ಲದಿದ್ದರೆ ಚುನಾವಣೆಯಲ್ಲಿ ಎತ್ತಲಿ ಅಂತಲೂ ಹೇಳಿದರು. 1956ರ ಫೆಬ್ರವರಿಯಲ್ಲಿ ಮೆನನ್ ಮಂತ್ರಿಯಾದರು. ಅವರ ಮೇಲೆ ಯಾವ ಕೋರ್ಟಿನಲ್ಲೂ ಏನೂ ಸಾಬೀತಾಗಲಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳಬೇಕು.

ಹಾಗಾದರೆ ಕೇಳಿ ಏನು ಬಂತು? ಹುಡುಗರು ಇದನ್ನೇ ಹಿಡಿದುಕೊಂಡು ಜಗ್ಗುತ್ತಾರೆ. ನನಗೂ ಪೂರ್ತಿ ಉತ್ತರ ಇಲ್ಲ. ಆದರೆ ಒಂದು ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 155 ಅನ್ನುವ ಅಂಕಿ ಇವತ್ತು ನಮಗೆ ಗೊತ್ತಿದೆ. ಬೀದರಿಗೆ ಎಷ್ಟು ಪೆಟ್ಟಿಗೆ ಇಳಿದವು, ಒಂದೊಂದಕ್ಕೆ ಎಷ್ಟು ಕೊಟ್ಟರು, ಯಾರು ಎಣಿಸಿಕೊಂಡರು ಅನ್ನುವುದಕ್ಕೆ ಸದನದ ಮೇಜಿನ ಮೇಲೆ ಇಟ್ಟ ಒಂದು ಹಾಳೆಯೂ ಇಲ್ಲ. ಆ ಮೇಜೇ ಇರಲಿಲ್ಲವಲ್ಲ.

ಯುದ್ಧ ಅಂದರೆ ಸದನ ಇದ್ದರೂ ಬಾಯಿ ಕಟ್ಟುತ್ತದೆ ಅನ್ನುವುದೂ ನಿಜ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ಆಳುವವರೂ ವಿರೋಧದವರೂ ಒಪ್ಪಿಕೊಂಡೇ ಪ್ರಶ್ನೋತ್ತರ ಅವಧಿ ಕೈಬಿಟ್ಟರು. ‘ದೇಶದ ಭದ್ರತೆ’ ಅನ್ನುವ ಒಂದು ಮಾತು ಬಿದ್ದರೆ ಉಪಪ್ರಶ್ನೆ ಕೇಳುವವನ ಕೈ ನಡುಗುತ್ತದೆ. ಅದಕ್ಕೇ ತಪಾಸಣೆ ಹಿಂದಿನಿಂದ ಬರುತ್ತದೆ. ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು, ಬರೆಯುತ್ತಾರೆ, ಲೆಕ್ಕಪತ್ರ ಸಮಿತಿಯ 22 ಜನ ಬಾಗಿಲು ಹಾಕಿಕೊಂಡು ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ. 1967ರಿಂದ ಆ ಸಮಿತಿಯ ಕುರ್ಚಿ ವಿರೋಧ ಪಕ್ಷದವರಿಗೆ. ನಮ್ಮ ಕಲಬುರಗಿಯ ಸಂಸದರಾಗಿದ್ದಾಗ ಮಲ್ಲಿಕಾರ್ಜುನ ಖರ್ಗೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಪರೀಕ್ಷೆಗೆ ಬರುವ ಪ್ರಶ್ನೆ ಇದು ಅಂತ ಹೇಳಿದರೆ ಸಾಕು, ಎಲ್ಲರೂ ಬರೆದುಕೊಳ್ಳುತ್ತಾರೆ.

ಲಂಡನ್ನಿನ ಹಣದ ಕಥೆ ಇನ್ನೂ ಮುಗಿದಿಲ್ಲ. ಕೇಳೋಕೆ ಸದನ ಇಲ್ಲದ ಕಾರಣ ಅದು ಕೋರ್ಟಿಗೆ ಹೋಯಿತು. 1954ರಲ್ಲಿ ನಿಜಾಮರು ದಾವೆ ಹೂಡಿದರು. 1957ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಪಾಕಿಸ್ತಾನ ಒಂದು ಸ್ವತಂತ್ರ ದೇಶ, ಅದು ಒಪ್ಪದೆ ಅದರ ಮೇಲೆ ಇಲ್ಲಿ ಕೇಸು ನಡೆಸೋಕಾಗಲ್ಲ ಅಂತ ಹೇಳಿ ಬಾಗಿಲು ಮುಚ್ಚಿತು. ಹಣ ಬ್ಯಾಂಕಿನಲ್ಲಿ ಕೊಳೆಯಿತು. ಕೊಳೆಯಿತು ಅನ್ನೋದು ತಪ್ಪು, ಬೆಳೆಯಿತು. ನಿಜಾಮರು 1967ರಲ್ಲಿ ತೀರಿಕೊಂಡರು. 2013ರಲ್ಲಿ ಪಾಕಿಸ್ತಾನ ತಾನೇ ಬ್ಯಾಂಕಿನ ಮೇಲೆ ದಾವೆ ಹಾಕಿತು. ಅಲ್ಲಿಗೆ ಅದರ ರಕ್ಷಾಕವಚ ಹೋಯಿತು. ತಾನೇ ಕೋರ್ಟಿನ ಮೆಟ್ಟಿಲು ಹತ್ತಿದವರು ‘ನನ್ನನ್ನು ಕೋರ್ಟಿಗೆ ಎಳೆಯಬೇಡಿ’ ಅನ್ನೋಕಾಗಲ್ಲ. ಗೊತ್ತಾಗಿ ಹಿಂದೆ ಸರಿಯಲು ನೋಡಿದರು, ಬಿಡಲಿಲ್ಲ.

ಭಾರತ ಸರ್ಕಾರ ಮತ್ತು ನಿಜಾಮರ ಮೊಮ್ಮಕ್ಕಳಾದ ಮುಕರ್ರಂ ಜಾ, ಮುಫ್ಫಖಂ ಜಾ ತಮ್ಮತಮ್ಮಲ್ಲಿ ರಾಜಿ ಮಾಡಿಕೊಂಡು ಒಂದೇ ಕಡೆ ನಿಂತರು. ಪಾಕಿಸ್ತಾನದ ವಾದಗಳಲ್ಲಿ ಒಂದು ನಮ್ಮ ಬೀದರಿಗೆ ಸಂಬಂಧಪಟ್ಟದ್ದು: ನಾವು ಹೈದರಾಬಾದಿಗೆ ಆಯುಧ ಒದಗಿಸಿದೆವು, ಅದಕ್ಕೆ ಬಂದ ಹಣ ಇದು. ಇನ್ನೊಂದು ವಾದ, ಭಾರತದ ಕೈಗೆ ಸಿಗದಿರಲಿ ಅಂತ ನಮ್ಮ ಬಳಿ ಇಟ್ಟರು ಅಂತ. 2019ರ ಅಕ್ಟೋಬರ್ 2ರಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ತೀರ್ಪು ಕೊಟ್ಟರು. ಆಯುಧ ಸಾಗಿಸುವುದರಲ್ಲಿ ಪಾಕಿಸ್ತಾನದ ಕೈ ಇದ್ದದ್ದು ಹೌದು, ಆದರೆ ಈ ಹಣ ಅದರ ಬಾಬ್ತು ಅಲ್ಲ, ರಹಿಮ್ತೂಲಾ ಬಳಿ ಇದು ನಿಜಾಮರ ಪರವಾಗಿ ಇಟ್ಟ ಹಣ ಅಂದರು. ಹಣ ಭಾರತಕ್ಕೂ ಮೊಮ್ಮಕ್ಕಳಿಗೂ ಅಂತ ಆಯಿತು. ಅಷ್ಟೊತ್ತಿಗೆ ಅದು ಸುಮಾರು 3 ಕೋಟಿ 50 ಲಕ್ಷ ಪೌಂಡ್ ಆಗಿತ್ತು. 71 ವರ್ಷದಲ್ಲಿ 35 ಪಟ್ಟು. ಒಬ್ಬಳು ಕ್ಯಾಲ್ಕುಲೇಟರ್ ಹಿಡಿದು ವರ್ಷಕ್ಕೆ ಹತ್ತಿರ ಹತ್ತಿರ 5 ಪರ್ಸೆಂಟ್ ಚಕ್ರಬಡ್ಡಿ ಅಂತ ಹೇಳಿದಳು. “ನಮ್ಮೂರ ಸೊಸೈಟಿಗಿಂತ ಕಡಿಮೀನೇ ಅದ ಬಿಡ್ರಿ” ಅಂತ ಇನ್ನೊಬ್ಬ.

ಈ ತೀರ್ಪನ್ನು ನಾನು ಮೂರು ನಾಲ್ಕು ಸಲ ಕ್ಲಾಸಿನಲ್ಲಿ ಹೇಳಿದ್ದೇನೆ. ಪ್ರತಿ ಸಲವೂ ಒಂದು ಕಡೆ ತಡವರಿಸುತ್ತೇನೆ. ಕೋರ್ಟು ಕೇಳಿದ್ದು, ಮುಂದೆ ನಿಂತವರಲ್ಲಿ ಈ ಹಣ ಯಾರಿಗೆ ಸೇರಬೇಕು ಅಂತ. ಅದರ ಕೆಲಸವೇ ಅಷ್ಟು. ಅಲ್ಲಿ ಎರಡು ದೇಶ ನಿಂತಿದ್ದವು, ಇಬ್ಬರು ರಾಜಕುಮಾರರು ನಿಂತಿದ್ದರು, ಒಂದು ಬ್ಯಾಂಕು ನಿಂತಿತ್ತು. ಹಗೇವಿನ ಬಾಯಿಗೆ ಸೆಗಣಿ ಸಾರಿಸಿದವಳ ಪರ ವಕೀಲರು ಇರಲಿಲ್ಲ. ಆಯುಧಕ್ಕೆ ಖರ್ಚು ಮಾಡಿದ್ದು ಸರಿಯೋ ತಪ್ಪೋ, ಯಾರ ಮಾತು ಕೇಳಿ ಮಾಡಿದರು, ಅದರಿಂದ ಯಾರು ಸತ್ತರು ಅನ್ನುವುದು ಆ ಕೋರ್ಟಿನ ಪ್ರಶ್ನೆಯೇ ಆಗಿರಲಿಲ್ಲ. ಅದನ್ನು ಕೇಳಬೇಕಾದದ್ದು ಸದನ. ಇನ್ನೂ ಒಂದು ವಿಚಿತ್ರ: ಆ ಆಯುಧದ ವಿಷಯ ಅಷ್ಟಾದರೂ ಕೋರ್ಟಿನ ಕಡತಕ್ಕೆ ಬಂದದ್ದು ಪಾಕಿಸ್ತಾನ ಹಣ ತನ್ನದು ಅಂತ ವಾದಿಸಿದ್ದರಿಂದ!

ಹಿಂದಿನ ಬೆಂಚಿನ ಆ ಹುಡುಗನ ಪ್ರಶ್ನೆಯಿಂದಾಗಿ ಈಗ ಪ್ರತಿ ವರ್ಷ ಒಂದು ಮನೆಗೆಲಸ ಕೊಡುತ್ತೇನೆ. ನೀವು ಬೀದರಿನ ಸದಸ್ಯರು ಅಂದುಕೊಳ್ಳಿ. ವರ್ಷ 1948. ಹಣಕಾಸು ಮಂತ್ರಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರ ಕೊಡಬೇಕಾದ ಪ್ರಶ್ನೆ, ಬರೆಯಿರಿ. ನಮ್ಮ ವಿಧಾನಸಭೆಯ ಪ್ರಶ್ನೆಗಳ ಮಾದರಿಯಲ್ಲೇ ಇರಲಿ: ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅ, ಆ, ಇ ಅಂತ ಭಾಗ. ಭಾಷಣ ಬೇಡ, ಉತ್ತರ ಕೊಡಲು ಆಗುವಂಥ ಪ್ರಶ್ನೆ ಬೇಕು.

ಬಹಳಷ್ಟು ಜನ ಭಾಷಣವನ್ನೇ ಬರೆಯುತ್ತಾರೆ. ‘ಜನರ ರಕ್ತ ಹೀರಿ ಬಂದೂಕು ತಂದದ್ದು ನಿಜವೇ?’ ಅಂತ. ನಾನು ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತೇನೆ. ಮಂತ್ರಿ ‘ಇಲ್ಲ’ ಅಂದು ಕೂತರೆ ಮುಗಿಯಿತಲ್ಲ. ಎಷ್ಟು, ಯಾವ ದಿನ, ಯಾರ ಸಹಿ. ಅಂಥದ್ದು ಕೇಳಬೇಕು.

ಹೋದ ಸಲ ಔರಾದ್ ಕಡೆಯ ಹುಡುಗಿಯೊಬ್ಬಳು ಬರೆದದ್ದನ್ನು ನಾನು ಇಟ್ಟುಕೊಂಡಿದ್ದೇನೆ. (ಅ) ಬೀದರ್ ವಿಮಾನ ನಿಲ್ದಾಣಕ್ಕೆ ಈ ವರ್ಷ ರಾತ್ರಿ ವೇಳೆ ಬಂದಿಳಿದ ವಿಮಾನಗಳೆಷ್ಟು? (ಆ) ಅವುಗಳಲ್ಲಿ ಬಂದ ಸರಕಿನ ತೂಕವೆಷ್ಟು. ಅದನ್ನು ತೂಗಿದ ಅಧಿಕಾರಿ ಯಾರು? (ಇ) ಅದಕ್ಕೆ ಪಾವತಿಸಿದ ಹಣ ದಿವಾನಿ ಲೆಕ್ಕದ್ದೋ, ಸರ್ಫ್-ಎ-ಖಾಸ್ ಲೆಕ್ಕದ್ದೋ? (ಈ) ದಿವಾನಿ ಲೆಕ್ಕದ್ದಾದರೆ, ಅದೇ ವರ್ಷ ಔರಾದ್ ತಾಲ್ಲೂಕಿನಿಂದ ವಸೂಲಾದ ಕಂದಾಯವೆಷ್ಟು?

ಹತ್ತಕ್ಕೆ ಹತ್ತು ಕೊಟ್ಟೆ. ಬಲಗಡೆಯ ಅಂಕಣ ಖಾಲಿ ಬಿಡಿ ಅಂತ ಹೇಳಿದ್ದೆ, ಅವಳು ಬಿಟ್ಟಿರಲಿಲ್ಲ. ನಾಲ್ಕಕ್ಕೂ ಸೇರಿಸಿ ಒಂದು ಕಂಸ ಎಳೆದು, ನೀಟಾದ ಅಕ್ಷರದಲ್ಲಿ ಬರೆದಿದ್ದಳು: ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ.’